ಒಂದು ಕಿರುಗೆರೆ, ಒಂದು ಕಿರುಪದ



ನಿಮ್ಮ ಊರಿನ ಗ್ರಂಥಾಲಯದಲ್ಲಿ ನೂರು ವರ್ಷಕ್ಕೂ ಹಿಂದೆ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿದರೆ ಅದರ ಪುಟಗಳನ್ನು ಒಮ್ಮೆ ತಿರುವಿ ನೋಡಿ. 'ಇಂದು' ಎಂಬ ಅರ್ಥದ 'ಟುಡೇ' ಎಂಬ ಪದ ಅಲ್ಲಿ ಬಹುಮಟ್ಟಿಗೆ 'ಟು-ಡೇ' ಎಂದು, ನಡುವೆ ಒಂದು ಕಿರುಗೆರೆಯೊಡನೆ ಅಚ್ಚಾಗಿರುತ್ತದೆ. 'ನಾಳೆ' ಎಂಬ ಅರ್ಥದ 'ಟು-ಮಾರೋ' ಕೂಡ ಹಾಗೆಯೇ. ಇಂದು ನೀವು ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಅಧ್ಯಾಪಕರು ಕೆಂಪು ಶಾಯಿಯಿಂದ ಗುರುತು ಹಾಕುತ್ತಾರೆ. ಹಾಗಾದರೆ ಆ ಪುಸ್ತಕ ಬರೆದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಆ ಗೆರೆಯನ್ನು ಅಳಿಸಿದವರು ಯಾರು? ಯಾವ ಸಭೆಯಲ್ಲಿ, ಯಾವ ಆಜ್ಞೆಯಿಂದ?

ಇನ್ನೊಂದು ತೊಡಕನ್ನೂ ನೀವು ಬಲ್ಲಿರಿ. 'ಸೆಟ್' ಎಂಬ ಮೂರಕ್ಷರದ ಇಂಗ್ಲಿಷ್ ಕ್ರಿಯಾಪದದ ಅರ್ಥ ತಿಳಿಯಲೆಂದು ನಿಘಂಟು ತೆರೆಯುತ್ತೀರಿ. ಒಂದು, ಎರಡು, ಮೂರು ಎಂದು ಅರ್ಥಗಳು ಪುಟದ ತುಂಬ ಇಳಿದು ಮುಂದಿನ ಪುಟಕ್ಕೂ ಹೋಗುತ್ತವೆ. ನಿಮ್ಮ ವಾಕ್ಯಕ್ಕೆ ಹೊಂದುವ ಅರ್ಥ ಯಾವುದೆಂದು ತಿಳಿಯದೆ ನಿಘಂಟನ್ನು ಮುಚ್ಚಿಬಿಡುತ್ತೀರಿ.

ಗೆರೆ ಎಲ್ಲಿ ಹಾಕಬೇಕು, ಸಣ್ಣ ಕ್ರಿಯಾಪದಕ್ಕೆ ಅರ್ಥವೇನು ಎಂಬ ಈ ಎರಡು ಪ್ರಶ್ನೆಗಳು ನಮ್ಮ ಎಷ್ಟೋ ಮಕ್ಕಳಲ್ಲಿ ಇಂಗ್ಲಿಷಿನ ಬಗ್ಗೆ ಭಯ ಹುಟ್ಟಿಸಿವೆ. ಎರಡಕ್ಕೂ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸವನ್ನು ಅರಿತರೆ ಭಯ ಬಹಳಷ್ಟು ಕಡಿಮೆಯಾಗುತ್ತದೆ. ಅದನ್ನೀಗ ನೋಡೋಣ.

ಗೆರೆ ಹುಟ್ಟಿದ ಬಗೆ

ಹೈಫನ್ ಎಂಬ ಹೆಸರು ಗ್ರೀಕ್ ಭಾಷೆಯದು. 'ಒಂದರ ಅಡಿಯಲ್ಲಿ', ಅಂದರೆ 'ಒಟ್ಟಾಗಿ' ಎಂಬುದು ಅದರ ಮೂಲಾರ್ಥ. ಪ್ರಾಚೀನ ಗ್ರೀಕರು ಪದಗಳ ನಡುವೆ ಜಾಗ ಬಿಡದೆ ಒಂದೇ ಸಮನೆ ಬರೆಯುತ್ತಿದ್ದರು. ಓದುವವನಿಗೆ ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬ ಸಂದೇಹ ಸಹಜವಾಗಿಯೇ ಬರುತ್ತಿತ್ತು. ಎರಡು ಭಾಗಗಳನ್ನು ಒಂದೇ ಪದವಾಗಿ ಓದಬೇಕೆಂದು ಸೂಚಿಸಲು ಅಕ್ಷರಗಳ ಕೆಳಗೆ ಬಟ್ಟಲಿನಂತೆ ಬಾಗಿದ ಒಂದು ಗೆರೆ ಎಳೆಯುತ್ತಿದ್ದರು. ಅದೇ ಮೊದಲ ಹೈಫನ್. ಕೂಡಿಸುವುದೇ ಅದರ ಹುಟ್ಟುಗುಣ ಎಂಬುದನ್ನು ನೆನಪಿನಲ್ಲಿಡಿ.

ಮುಂದೆ ಯೂರೋಪಿನ ಲಿಪಿಕಾರರು ಪದಗಳ ನಡುವೆ ಜಾಗ ಬಿಡತೊಡಗಿದರು. ಆಗ ಗೆರೆಗೆ ಇನ್ನೊಂದು ಕೆಲಸ ಒದಗಿತು. ಸಾಲಿನ ಕೊನೆಯಲ್ಲಿ ಪದವೊಂದು ಪೂರ್ತಿ ಹಿಡಿಯದೆ ಅರ್ಧಕ್ಕೆ ನಿಂತರೆ, 'ಇದು ಮುಗಿದಿಲ್ಲ, ಮುಂದಿನ ಸಾಲಿಗೂ ಹೋಗು' ಎಂದು ತಿಳಿಸುವ ಕೆಲಸ ಅದು. ಜರ್ಮನಿಯ ಮೈನ್ಜ್ ನಗರದಲ್ಲಿ 1455ರ ಸುಮಾರಿಗೆ ಯೋಹಾನ್ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ಲಿನ ಪುಟವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪುಟಕ್ಕೆ ಎರಡು ಅಂಕಣ, ಸಾಮಾನ್ಯವಾಗಿ ಅಂಕಣಕ್ಕೆ 42 ಸಾಲು. ಎಲ್ಲ ಸಾಲುಗಳೂ ಬಲಬದಿಯಲ್ಲಿ ನೂಲು ಹಿಡಿದಂತೆ ಸಮನಾಗಿ ನಿಲ್ಲಬೇಕಾಗಿತ್ತು. ಅದಕ್ಕಾಗಿ ಆತ ಪದಗಳನ್ನು ಒಡೆದು, ಒಡೆದ ಕಡೆ ಎರಡು ಓರೆಗೆರೆಗಳ ಒಂದು ಗುರುತನ್ನು ಇಟ್ಟ. ಹೀಗೆ ಕೂಡಿಸಲು ಹುಟ್ಟಿದ ಗೆರೆ ಒಡೆಯುವ ಜಾಗದಲ್ಲಿಯೂ ಬಂದು ಕುಳಿತಿತು. ಇಂದಿಗೂ ಇಂಗ್ಲಿಷಿನಲ್ಲಿ ಅದು ಈ ಎರಡು ಕೆಲಸಗಳನ್ನೂ ಮಾಡುತ್ತದೆ.

ಸಾಲಿನ ಕೊನೆಯ ಸಮಸ್ಯೆ

ಕನ್ನಡದಲ್ಲಿ ಸಾಲಿನ ಕೊನೆಗೆ ಪದ ಒಡೆಯುವುದು ಕಷ್ಟವಲ್ಲ. ನಮ್ಮ ಒಂದೊಂದು ಅಕ್ಷರವೂ ಒಂದು ಪೂರ್ಣ ಉಚ್ಚಾರ. ಒತ್ತಕ್ಷರವನ್ನು ಸೀಳದೆ ಯಾವ ಅಕ್ಷರದ ನಂತರ ನಿಲ್ಲಿಸಿದರೂ ಓದು ಸಾಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. 'ದಂತಕಥೆ' ಎಂಬ ಅರ್ಥದ 'ಲೆಜೆಂಡ್' ಪದವನ್ನು ಜಿ ಅಕ್ಷರದ ನಂತರ ಒಡೆದರೆ ಮೊದಲ ಸಾಲಿನಲ್ಲಿ 'ಲೆಗ್' ಎಂಬ ಕಾಲೂ ಎರಡನೆಯ ಸಾಲಿನಲ್ಲಿ 'ಎಂಡ್' ಎಂಬ ಕೊನೆಯೂ ಕಾಣಿಸಿ ಓದುಗ ಮುಗ್ಗರಿಸುತ್ತಾನೆ.

ಹಾಗಾದರೆ ಒಡೆಯುವ ನಿಯಮವೇನು? ಇಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ಸಂಪ್ರದಾಯಗಳು ಬೆಳೆದವು. ಬ್ರಿಟನ್ನಿನ ಮುದ್ರಕರು ಪದದ ಹುಟ್ಟನ್ನು ಗಮನಿಸಿದರು. ಅಮೆರಿಕದ ನೋವಾ ವೆಬ್‌ಸ್ಟರ್ 1783ರಲ್ಲಿ ಪ್ರಕಟಿಸಿದ ತನ್ನ ಕಾಗುಣಿತದ ಪುಸ್ತಕದಲ್ಲಿ, ಮಕ್ಕಳ ಬಾಯಿಗೆ ಹೇಗೆ ಬರುತ್ತದೆಯೋ ಹಾಗೆ, ಉಚ್ಚಾರಣೆಯನ್ನು ಅನುಸರಿಸಿ ಪದ ಒಡೆಯಬೇಕೆಂದು ಬೋಧಿಸಿದ. 'ಜ್ಞಾನ' ಎಂಬ ಅರ್ಥದ 'ನಾಲೆಜ್' ಪದವನ್ನೇ ನೋಡಿ. ಅದರಲ್ಲಿ 'ತಿಳಿ' ಎಂಬ ಅರ್ಥದ 'ನೋ' ಎಂಬ ಮೂಲಪದ ಅಡಗಿದೆ. ಅದನ್ನು ಸೀಳಬಾರದೆಂದು ಬ್ರಿಟಿಷ್ ಸಂಪ್ರದಾಯದವರು ಡಬ್ಲ್ಯು ಅಕ್ಷರದ ನಂತರ ಒಡೆದರೆ, ಅಮೆರಿಕನ್ನರು ಕಿವಿಗೆ ಕೇಳುವಂತೆ ಎಲ್ ಅಕ್ಷರದ ನಂತರ ಒಡೆಯುತ್ತಾರೆ. ಇಬ್ಬರ ಬಳಿಯೂ ಕಾರಣವಿದೆ.

ಕೆಲವು ಪದಗಳಲ್ಲಿ ಉಚ್ಚಾರಣೆಯ ನಿಯಮವೂ ಸಾಲದು. 'ರೆಕಾರ್ಡ್' ಎಂಬುದು 'ದಾಖಲೆ' ಎಂಬ ನಾಮಪದವಾದರೆ ಅಮೆರಿಕದ ನಿಘಂಟು ಸಿ ಅಕ್ಷರದ ನಂತರ ಒಡೆಯುತ್ತದೆ. 'ದಾಖಲಿಸು' ಎಂಬ ಕ್ರಿಯಾಪದವಾದರೆ ಅದರ ಹಿಂದಿನ ಇ ಅಕ್ಷರದ ನಂತರ ಒಡೆಯುತ್ತದೆ. ಕಾಗುಣಿತ ಒಂದೇ, ಒತ್ತು ಬೇರೆ. ವಾಕ್ಯದ ಅರ್ಥ ತಿಳಿಯದೆ ಗೆರೆ ಹಾಕುವಂತಿಲ್ಲ.

ಇಂಥ ಕೆಲಸವನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ನೂತ್ ಎಂಬ ಗಣಕವಿಜ್ಞಾನಿ ಪುಸ್ತಕ ಮುದ್ರಣಕ್ಕಾಗಿ ಟೆಕ್ ಎಂಬ ತಂತ್ರಾಂಶವನ್ನು ರೂಪಿಸಿದರು. ಅವರ ಶಿಷ್ಯ ಫ್ರಾಂಕ್ ಲಿಯಾಂಗ್ 1983ರಲ್ಲಿ ಪದ ಒಡೆಯುವ ವಿಧಾನವನ್ನು ಕುರಿತೇ ಡಾಕ್ಟರೇಟ್ ಪ್ರಬಂಧ ಬರೆದರು. ನಿಘಂಟೊಂದರ ಪದಪಟ್ಟಿಯಿಂದ ಅವರು 4,447 ಅಕ್ಷರವಿನ್ಯಾಸಗಳನ್ನು ಆರಿಸಿದರು. ಆ ಪಟ್ಟಿಯಲ್ಲಿ ಗೆರೆ ಬರಬೇಕಾದ ಜಾಗಗಳಲ್ಲಿ ಶೇಕಡ 89ರಷ್ಟನ್ನು ಇವುಗಳಿಂದಲೇ ಗುರುತಿಸಬಹುದಾಗಿತ್ತು. ಸಂದೇಹ ಬಂದ ಕಡೆ ಒಡೆಯದೆ ಬಿಡುವುದೇ ಲೇಸು ಎಂಬುದು ಈ ವಿಧಾನದ ಜಾಣತನ. ಕೈಬರಹದಲ್ಲಿ ಉತ್ತರ ಬರೆಯುವ ನಿಮಗೂ ಈ ಜಾಣತನ ಸಾಕು. ಸಾಲಿನ ಕೊನೆಯಲ್ಲಿ ಜಾಗವಿಲ್ಲದಿದ್ದರೆ ಪದವನ್ನು ಇಡಿಯಾಗಿ ಕೆಳಗಿನ ಸಾಲಿಗೆ ತೆಗೆದುಕೊಂಡು ಹೋಗಿ.

ಎರಡು ಪದ ಒಂದಾಗುವ ದಾರಿ

ಇನ್ನು ಗೆರೆಯ ಮೊದಲ ಕೆಲಸಕ್ಕೆ, ಅಂದರೆ ಕೂಡಿಸುವ ಕೆಲಸಕ್ಕೆ ಬರೋಣ. ಕನ್ನಡದಲ್ಲಿ 'ಮಳೆ' ಮತ್ತು 'ಕಾಲ' ಸೇರಿದರೆ 'ಮಳೆಗಾಲ' ಆಗುತ್ತದೆ. ಕಕಾರ ಗಕಾರವಾದದ್ದೇ ಎರಡೂ ಒಂದಾದುದಕ್ಕೆ ಸಾಕ್ಷಿ. ಸಂಧಿ ಸಮಾಸಗಳೆಂದು ನೀವು ವ್ಯಾಕರಣದಲ್ಲಿ ಓದುವುದು ಇದನ್ನೇ. ಇಂಗ್ಲಿಷಿನಲ್ಲಿ ಪದಗಳು ಕೂಡಿದಾಗ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ, ಬಾಯಿಯ ಒತ್ತು ಬದಲಾಗುತ್ತದೆ. ಆದರೆ ಒತ್ತನ್ನು ಕಾಗದದ ಮೇಲೆ ಬರೆಯಲಾಗದು. ಆ ಕೊರತೆಯನ್ನು ತುಂಬಲು ಗೆರೆ ಬೇಕಾಯಿತು.

ಇದರಿಂದ ಅರ್ಥವೇ ಬದಲಾಗುವುದುಂಟು. 'ಟ್ವೆಂಟಿ-ಆಡ್ ಸ್ಟೂಡೆಂಟ್ಸ್' ಎಂದು ಗೆರೆಯೊಡನೆ ಬರೆದರೆ ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳು. ಗೆರೆ ಬಿಟ್ಟರೆ ಇಪ್ಪತ್ತು ಮಂದಿ ವಿಚಿತ್ರ ವಿದ್ಯಾರ್ಥಿಗಳು! 'ರಿಸೈನ್' ಎಂದರೆ ರಾಜೀನಾಮೆ ಕೊಡುವುದು. 'ರಿ-ಸೈನ್' ಎಂದರೆ ಮತ್ತೆ ಸಹಿ ಹಾಕುವುದು. ನೌಕರನೊಬ್ಬ ಕರಾರುಪತ್ರಕ್ಕೆ ಮತ್ತೆ ಸಹಿ ಹಾಕುತ್ತೇನೆಂದು ತಿಳಿಸುವ ಪತ್ರದಲ್ಲಿ ಆ ಗೆರೆಯನ್ನು ಮರೆತರೆ ಕೆಲಸವನ್ನೇ ಬಿಡುತ್ತೇನೆಂದು ಬರೆದಂತಾಗುತ್ತದೆ. ಇಂಥ ಕಡೆ ಗೆರೆ ಅಲಂಕಾರವಲ್ಲ, ಅರ್ಥದ ಆಧಾರ.

ಆದರೆ ಎಲ್ಲ ಕಡೆಯೂ ಹೀಗಿಲ್ಲ. 'ಟುಡೇ' ಪದ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಪದಗಳಾಗಿತ್ತು. ಸುಮಾರು 16ನೆಯ ಶತಮಾನದವರೆಗೆ ಹಾಗೆಯೇ ಉಳಿದು, ಅನಂತರ ಗೆರೆಯ ಮೂಲಕ ಜೋಡಿಯಾಗಿ, 20ನೆಯ ಶತಮಾನದ ಮೊದಲ ಭಾಗದಲ್ಲಿ ಗೆರೆಯನ್ನೂ ಕಳಚಿಕೊಂಡು ಒಂದೇ ಪದವಾಯಿತು. ಇಂಗ್ಲಿಷಿನ ಬಹಳಷ್ಟು ಜೋಡಿಪದಗಳು ನಡೆದದ್ದು ಇದೇ ದಾರಿಯಲ್ಲಿ. ಮೊದಲು ನೆರೆಹೊರೆ, ಆಮೇಲೆ ಗೆರೆಯ ನಂಟು, ಕೊನೆಗೆ ಒಂದೇ ಮನೆ. ಗೆರೆ ಈ ಪಯಣದ ನಡುವಿನ ತಂಗುದಾಣ. ಕೆಲವು ಪದಗಳು ತಂಗುದಾಣದಿಂದ ಹಿಂದಿರುಗುವುದೂ ಉಂಟು. 2007ರಲ್ಲಿ 'ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ'ಯ ಆರನೆಯ ಆವೃತ್ತಿ ಹೊರಬಂದಾಗ ಸುಮಾರು 16,000 ಪದಗಳು ಗೆರೆ ಕಳೆದುಕೊಂಡಿದ್ದವು. 'ಬಂಬಲ್‌ಬೀ', 'ಕ್ರೈಬೇಬಿ', 'ಪಿಜನ್‌ಹೋಲ್' ಪದಗಳು ಕೂಡಿಕೊಂಡು ಒಂದಾದವು. 'ಐಸ್ ಕ್ರೀಮ್', 'ಟೆಸ್ಟ್ ಟ್ಯೂಬ್' ಬಿಡಿಬಿಡಿಯಾಗಿ ಎರಡಾದವು. ಜನರ ಬರವಣಿಗೆಯಲ್ಲಿ ಆ ಗೆರೆ ಆಗಲೇ ಸವೆದುಹೋಗಿತ್ತು. ಸಂಪಾದಕರು ಅದನ್ನು ಕಂಡು ದಾಖಲಿಸಿದರು, ಅಷ್ಟೆ.

ತಗಡಿನ ಕೊಠಡಿಯಲ್ಲಿ

'ದಾಖಲಿಸಿದರು' ಎಂದೆವು. ನಿಘಂಟಿನ ಕೆಲಸ ಆಜ್ಞೆ ಮಾಡುವುದಲ್ಲ, ದಾಖಲಿಸುವುದು ಎಂಬ ಈ ನಿಲುವಿನ ಹಿಂದೆ ಹಲವರ ಜೀವಮಾನದ ದುಡಿಮೆಯಿದೆ. ಲಂಡನ್ನಿನ ಭಾಷಾಶಾಸ್ತ್ರ ಸಂಘ 1858ರಲ್ಲಿ ಇಂಗ್ಲಿಷಿಗೆ ಹೊಸ ನಿಘಂಟೊಂದು ಬೇಕೆಂದು ತೀರ್ಮಾನಿಸಿತು. ಪ್ರತಿಯೊಂದು ಪದ ಮೊದಲು ಎಲ್ಲಿ ಬಳಕೆಯಾಯಿತು, ಅದರ ಅರ್ಥ ಕಾಲದಿಂದ ಕಾಲಕ್ಕೆ ಹೇಗೆ ಕವಲೊಡೆಯಿತು ಎಂಬುದನ್ನು ಪುಸ್ತಕಗಳ ವಾಕ್ಯಗಳಿಂದಲೇ ತೋರಿಸಬೇಕೆಂಬುದು ಅದರ ಗುರಿ.

1879ರಲ್ಲಿ ಈ ಹೊಣೆಯನ್ನು ಹೊತ್ತವರು ಜೇಮ್ಸ್ ಮರೇ ಎಂಬ ಶಾಲಾ ಅಧ್ಯಾಪಕರು. ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು, ಸ್ವಂತ ಓದಿನಿಂದ ವಿದ್ವಾಂಸರಾದವರು. ಮಿಲ್ ಹಿಲ್ ಎಂಬಲ್ಲಿ ತಮ್ಮ ಮನೆಯ ಮುಂದೆ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ ಅದರ ಗೋಡೆಗೆ ಸಾವಿರಕ್ಕೂ ಹೆಚ್ಚು ಸಣ್ಣ ಗೂಡುಗಳನ್ನು ಮಾಡಿಸಿದರು. ಪಾರಿವಾಳದ ಗೂಡನ್ನು ಹೋಲುವ ಇವುಗಳ ಹೆಸರೇ 'ಪಿಜನ್-ಹೋಲ್'. 2007ರಲ್ಲಿ ಗೆರೆ ಕಳಚಿಕೊಂಡ ಪದಗಳಲ್ಲಿ ಇದೂ ಒಂದೆಂಬುದನ್ನು ಆಗಲೇ ನೋಡಿದೆವು.

ಇಂಗ್ಲಿಷ್ ಓದುವ ಸಾರ್ವಜನಿಕರಿಗೆ ಮರೇ ಒಂದು ಮನವಿ ಮಾಡಿದರು. ಪುಸ್ತಕ ಓದಿ, ಪದವೊಂದರ ಬಳಕೆ ಕಂಡ ವಾಕ್ಯವನ್ನು ಚೀಟಿಯಲ್ಲಿ ಬರೆದು, ಪುಸ್ತಕದ ಹೆಸರು ಇಸವಿಗಳೊಡನೆ ಕಳುಹಿಸಿ ಎಂದು. ಶಾಲಾ ಅಧ್ಯಾಪಕರು, ಪಾದ್ರಿಗಳು, ಗೃಹಿಣಿಯರು, ಮಾನಸಿಕ ರೋಗಿಗಳಾದ ಅಪರಾಧಿಗಳ ಆಸ್ಪತ್ರೆಯಲ್ಲಿ ಬಂಧನದಲ್ಲಿದ್ದ ಒಬ್ಬ ವೈದ್ಯ, ಹೀಗೆ ಎಲ್ಲ ಬಗೆಯವರೂ ಕಳುಹಿಸಿದರು. ಚೀಟಿಗಳು ಲಕ್ಷಗಟ್ಟಲೆ ಬಂದು ಬಿದ್ದವು. ಅವುಗಳನ್ನು ಅಕಾರಾದಿಯಾಗಿ ವಿಂಗಡಿಸಿ ಮರೇ ಅವರ ಮಕ್ಕಳು ಪುಡಿಗಾಸು ಸಂಪಾದಿಸುತ್ತಿದ್ದರು.

ಹತ್ತು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸ. ಐದು ವರ್ಷ ಕಳೆದು 1884ರಲ್ಲಿ ಹೊರಬಂದ ಮೊದಲ ಭಾಗ 'ಆಂಟ್', ಅಂದರೆ 'ಇರುವೆ' ಎಂಬ ಪದದವರೆಗೆ ಮಾತ್ರ ಸಾಗಿತ್ತು. 1915ರಲ್ಲಿ ಮರೇ ತೀರಿಕೊಂಡಾಗಲೂ ನಿಘಂಟು ಮುಗಿದಿರಲಿಲ್ಲ. ಅವರೊಡನೆ ದುಡಿದ ಹೆನ್ರಿ ಬ್ರಾಡ್ಲಿ 1923ರಲ್ಲಿ ತೀರಿಕೊಂಡರು. ವಿಲಿಯಂ ಕ್ರೇಗಿ ಮತ್ತು ಚಾರ್ಲ್ಸ್ ಆನಿಯನ್ಸ್ ಅದನ್ನು 1928ರಲ್ಲಿ ದಡ ಮುಟ್ಟಿಸಿದರು. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಉದಾಹರಣೆಗಳು ಇದ್ದವು. ಅದೇ 'ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ'.

ಇಷ್ಟೆಲ್ಲ ಸಾಕ್ಷ್ಯ ಕೈಯಲ್ಲಿದ್ದ ಮರೇ ಹೈಫನ್ ಬಗ್ಗೆ ಏನು ಹೇಳಿದರು ಗೊತ್ತೆ? ಅಸಂಖ್ಯಾತ ಪದಗಳಲ್ಲಿ ಗೆರೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದರು. ಗೆರೆಯಿದ್ದರೂ ಅರ್ಥದಲ್ಲಿ ಒಂದಾಗದ ಜೋಡಿಗಳಿವೆ, ಗೆರೆಯಿಲ್ಲದೆಯೂ ಒಂದಾಗಿರುವ ಜೋಡಿಗಳಿವೆ ಎಂದು ನಿಘಂಟಿನ ಪೀಠಿಕೆಯ ವಿವರಣೆಯಲ್ಲಿಯೇ ಒಪ್ಪಿಕೊಂಡರು. ಆ ಭಾಷೆಯ ಅತಿ ದೊಡ್ಡ ನಿಘಂಟುಕಾರರೇ ಹೀಗೆಂದ ಮೇಲೆ, ಗೆರೆಯ ವಿಷಯದಲ್ಲಿ ಸಂದೇಹ ಬಂದುದಕ್ಕೆ ನೀವು ನಾಚಬೇಕಾಗಿಲ್ಲ.

ನಮ್ಮ ನಾಡಿನಲ್ಲಿಯೂ ಅದೇ ಕಾಲದಲ್ಲಿ ಇಂಥ ತಪಸ್ಸು ನಡೆದಿತ್ತು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಮರೇ ಅವರ ನಿಘಂಟು ಇನ್ನೂ ವರ್ಣಮಾಲೆಯ ಮೊದಲ ಭಾಗದಲ್ಲಿತ್ತು. ಕಿಟ್ಟೆಲ್ಲರೂ ಕಾವ್ಯಗಳಿಂದ, ಗಾದೆಗಳಿಂದ, ಜನರ ಆಡುಮಾತಿನಿಂದ ಅರ್ಥಗಳನ್ನು ಆಯ್ದರು.

ಕೂರಿಸುವ ಪದ, ಓಡುವ ಪದ

ಈಗ 'ಸೆಟ್' ಪದಕ್ಕೆ ಬರೋಣ. 1989ರಲ್ಲಿ ಇಪ್ಪತ್ತು ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದವಾದ ನಮೂದು ಈ ಕ್ರಿಯಾಪದದ್ದು. ನಾಲ್ಕು ನೂರಕ್ಕೂ ಹೆಚ್ಚು ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ನಾಲ್ಕು ನೂರು ಅರ್ಥಗಳನ್ನು ಬಾಯಿಪಾಠ ಮಾಡುವುದು ಹೇಗೆ? ಮಾಡಬೇಕಾಗಿಲ್ಲ. ಬೇರನ್ನು ಹಿಡಿದರೆ ಕೊಂಬೆಗಳು ತಾವಾಗಿಯೇ ಕೈಗೆ ಬರುತ್ತವೆ.

'ಸಿಟ್' ಎಂದರೆ ಕೂರು. ಅದರ ಪ್ರೇರಣಾರ್ಥಕ ರೂಪವೇ 'ಸೆಟ್', ಅಂದರೆ ಕೂರಿಸು. ಕನ್ನಡದಲ್ಲಿ ನಾವು ಏನೇನನ್ನು ಕೂರಿಸುತ್ತೇವೆ ಎಂದು ಯೋಚಿಸಿ. ಅಕ್ಕಸಾಲಿಗ ಉಂಗುರದಲ್ಲಿ ಹರಳು ಕೂರಿಸುತ್ತಾನೆ. ವೈದ್ಯರು ಮುರಿದ ಮೂಳೆಯನ್ನು ಕೂರಿಸುತ್ತಾರೆ. ಬಡಗಿ ಬಾಗಿಲನ್ನು ಚೌಕಟ್ಟಿಗೆ ಕೂರಿಸುತ್ತಾನೆ. ಭಾದ್ರಪದ ಬಂದರೆ ಓಣಿಯ ಹುಡುಗರು ಗಣಪತಿ ಕೂರಿಸುತ್ತಾರೆ. ಹರಳಿಗೂ ಮೂಳೆಗೂ ಇಂಗ್ಲಿಷ್ ಬಳಸುವುದು ಇದೇ 'ಸೆಟ್' ಪದವನ್ನು. ಅಚ್ಚುಮೊಳೆಗಳನ್ನು ಸಾಲಾಗಿ ಕೂರಿಸುವುದು, ಗಡಿಯಾರದ ಮುಳ್ಳನ್ನು ಸರಿಯಾದ ಜಾಗಕ್ಕೆ ತರುವುದು, ಊಟಕ್ಕೆ ಮೇಜು ಅಣಿಮಾಡುವುದು, ಬೆಲೆ ನಿಗದಿ ಮಾಡುವುದು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ಇವೆಲ್ಲದರ ಒಳಗೂ 'ಇರಬೇಕಾದ ಕಡೆ ಇರಿಸು' ಎಂಬ ಒಂದೇ ಭಾವವಿದೆ. ಸೂರ್ಯ ಮುಳುಗುವುದು, ಸಿಮೆಂಟು ಗಟ್ಟಿಯಾಗುವುದು ಈ ಭಾವದ ಇನ್ನೊಂದು ಕವಲು. ಅಲ್ಲಿ ವಸ್ತು ತಾನಾಗಿಯೇ ಇಳಿದು ನೆಲೆಗೊಳ್ಳುತ್ತದೆ.

'ಸೆಟ್' ಪದದ ಪಟ್ಟ ಶಾಶ್ವತವಾಗಲಿಲ್ಲ. ನಿಘಂಟಿನ ಮೂರನೆಯ ಆವೃತ್ತಿಗಾಗಿ 'ರನ್' ಎಂಬ ಕ್ರಿಯಾಪದವನ್ನು ಮತ್ತೆ ಪರಿಶೀಲಿಸಲು ಪೀಟರ್ ಗಿಲಿವರ್ ಎಂಬ ಸಂಪಾದಕರು ಸುಮಾರು ಒಂಬತ್ತು ತಿಂಗಳು ಕುಳಿತರು. 2011ರಲ್ಲಿ ತಿಳಿದುಬಂದಂತೆ ಅವರು ಗುರುತಿಸಿದ ಅರ್ಥಗಳು 645. ಮೂಲಾರ್ಥ 'ಓಡು'. ಆದರೆ ನದಿ ಹರಿಯುವುದೂ 'ರನ್', ನೆಗಡಿಯಾದಾಗ ಮೂಗು ಸೋರುವುದೂ 'ರನ್'. ಯಂತ್ರಯುಗ ಬಂದ ಮೇಲೆ ಗಿರಣಿ, ರೈಲು, ಮೋಟಾರು ಎಲ್ಲವೂ 'ರನ್' ಆಗತೊಡಗಿದವು. ಅಂಗಡಿ ನಡೆಸುವುದು, ಚುನಾವಣೆಗೆ ನಿಲ್ಲುವುದು, ಗಣಕಯಂತ್ರದಲ್ಲಿ ಕಾರ್ಯಕ್ರಮ ನಡೆಯುವುದು, ಎಲ್ಲಕ್ಕೂ ಅದೇ ಪದ. 'ಸೆಟ್' ನೆಲೆನಿಲ್ಲಿಸುವ ಪದ, 'ರನ್' ಚಲನೆಯ ಪದ. ಜನರ ಬದುಕಿನಲ್ಲಿ ಓಡುವ ವಸ್ತುಗಳು ಹೆಚ್ಚಿದಂತೆ ಓಡುವ ಪದದ ಅರ್ಥಗಳೂ ಹೆಚ್ಚಿದವು. ಧಾತುಗಳು ಅನೇಕ ಅರ್ಥಗಳನ್ನು ಹೊರಬಲ್ಲವು ಎಂಬುದನ್ನು ನಮ್ಮ ವೈಯಾಕರಣರು ಬಹು ಹಿಂದೆಯೇ ಕಂಡುಕೊಂಡಿದ್ದರು.

ಗೆರೆಯೂ ಕ್ರಿಯಾಪದವೂ ಸೇರುವಲ್ಲಿ

ಈ ಎರಡು ಕಥೆಗಳು ಒಂದೆಡೆ ಸಂಧಿಸುತ್ತವೆ. ಇಂಗ್ಲಿಷಿನ ಸಣ್ಣ ಕ್ರಿಯಾಪದಗಳು 'ಅಪ್', 'ಔಟ್', 'ಡೌನ್' ಮುಂತಾದ ಪುಟ್ಟ ಪದಗಳನ್ನು ಜೊತೆಗೆ ಸೇರಿಸಿಕೊಂಡು ಹೊಸ ಅರ್ಥ ಕೊಡುತ್ತವೆ. ಅಲ್ಲಿ ಗೆರೆ ಬೇಕೋ ಬೇಡವೋ ಎಂಬುದೇ ಪರೀಕ್ಷೆಯಲ್ಲಿ ನಿಮ್ಮನ್ನು ಕಾಡುವ ಪ್ರಶ್ನೆ.

ಕ್ರಿಕೆಟ್ಟಿನಿಂದಲೇ ಉದಾಹರಣೆ ಕೊಡೋಣ. ಫೀಲ್ಡರ್ ಬ್ಯಾಟುಗಾರನನ್ನು 'ರನ್ ಔಟ್' ಮಾಡಿದ ಎಂದು ಕ್ರಿಯೆಯನ್ನು ಹೇಳುವಾಗ ಎರಡು ಬಿಡಿ ಪದಗಳು. 'ಆ ರನ್-ಔಟ್ ಪಂದ್ಯದ ಗತಿಯನ್ನೇ ಬದಲಿಸಿತು' ಎಂದು ಅದನ್ನೊಂದು ಸಂಗತಿಯಾಗಿ, ನಾಮಪದವಾಗಿ ಹೇಳುವಾಗ ನಡುವೆ ಗೆರೆ. ಬೌಲರನ 'ರನ್-ಅಪ್' ಕೂಡ ಹಾಗೆಯೇ. ಸಂಸ್ಥೆಯೊಂದನ್ನು ಸ್ಥಾಪಿಸುವುದು ಗೆರೆಯಿಲ್ಲದ 'ಸೆಟ್ ಅಪ್'. ಅದರ ವ್ಯವಸ್ಥೆ ಗೆರೆಯಿರುವ 'ಸೆಟ್-ಅಪ್'. 'ಹಿನ್ನಡೆ' ಎಂಬ ಅರ್ಥದ 'ಸೆಟ್‌ಬ್ಯಾಕ್' ನಾಮಪದ ಆಗಲೇ ತಂಗುದಾಣ ದಾಟಿ ಒಂದೇ ಪದವಾಗಿದೆ. 'ಸೆಟ್-ಅಪ್' ಪದವನ್ನೂ ಈಗ ಹಲವರು ಗೆರೆಯಿಲ್ಲದೆ ಕೂಡಿಸಿಯೇ ಬರೆಯುತ್ತಾರೆ.

ಇದರಿಂದ ಕೆಲಸಕ್ಕೆ ಬರುವ ಸೂತ್ರವೊಂದು ಸಿಗುತ್ತದೆ. ಇಂಥ ಜೋಡಿ ಕ್ರಿಯಾಪದವಾಗಿದ್ದರೆ ಬಿಡಿಸಿ ಬರೆಯಿರಿ, ಅಲ್ಲಿ ಗೆರೆ ಬೇಡವೇ ಬೇಡ. ನಾಮಪದವಾಗಿದ್ದರೆ ಗೆರೆಯಿಂದ ಕೂಡಿಸಬೇಕೋ ಒಂದೇ ಪದ ಮಾಡಬೇಕೋ ಎಂಬುದಕ್ಕೆ ನಿಘಂಟನ್ನು ನೋಡಿ. ನೋಡುವ ಮೊದಲು ಅದು ಯಾವ ವರ್ಷದ್ದೆಂದು ಗಮನಿಸಿ. ಹಳೆಯ ನಿಘಂಟು ತಪ್ಪಲ್ಲ, ಅದು ತನ್ನ ಕಾಲದ ಸಾಕ್ಷಿ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 'ಟು-ಡೇ' ಪದದ ಗೆರೆಯನ್ನು ಯಾವ ಸಭೆಯೂ ಅಳಿಸಲಿಲ್ಲ. ಓದುವ ಬರೆಯುವ ಸಾಮಾನ್ಯ ಜನರು, ಅವರ ಬರಹಕ್ಕೆ ಮೊಳೆ ಜೋಡಿಸಿದ ಮುದ್ರಕರು, ಅದರ ಅಗತ್ಯ ಮುಗಿಯಿತೆಂದು ಮೆಲ್ಲಗೆ ಕೈಬಿಟ್ಟರು. 'ರನ್' ಪದಕ್ಕೆ ಆರು ನೂರು ಅರ್ಥಗಳನ್ನು ಕೊಟ್ಟವರೂ ಅವರೇ. ಇಂದು ಇಂಗ್ಲಿಷ್ ಬರೆಯುವವರಲ್ಲಿ ನೀವೂ ಸೇರಿದ್ದೀರಿ. ಆದ್ದರಿಂದ ಇಂಗ್ಲಿಷಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಡಿ, ಉಡಾಫೆಯನ್ನೂ ಮಾಡಬೇಡಿ. ಗೆರೆಯಿಂದ ಅರ್ಥ ಬದಲಾಗುವ ಕಡೆ ಎಚ್ಚರದಿಂದಿರಿ. ಬದಲಾಗದ ಕಡೆ ಯಾವುದಾದರೂ ಒಂದು ಪದ್ಧತಿಯನ್ನು ಹಿಡಿದು ಕೊನೆಯವರೆಗೂ ಅದನ್ನೇ ಅನುಸರಿಸಿ.

ಒಂದು ಸಣ್ಣ ಅಭ್ಯಾಸ ನಿಮಗಾಗಿ. ಮುಂದಿನ ಒಂದು ವಾರ ನಿಮ್ಮ ಪಠ್ಯಪುಸ್ತಕದಲ್ಲಿಯೋ ವೃತ್ತಪತ್ರಿಕೆಯಲ್ಲಿಯೋ 'ಸೆಟ್' ಅಥವಾ 'ರನ್' ಕಂಡಾಗಲೆಲ್ಲ ಆ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೆಳಗೆ ಅದಕ್ಕೆ ಒಪ್ಪುವ ಕನ್ನಡ ಕ್ರಿಯಾಪದವನ್ನು ಬರೆಯಿರಿ. ವಾರದ ಕೊನೆಗೆ ಚೀಟಿಗಳನ್ನು ಅರ್ಥಕ್ಕೆ ತಕ್ಕಂತೆ ವಿಂಗಡಿಸಿ. ಮರೇ ಅವರ ತಗಡಿನ ಕೊಠಡಿಯಲ್ಲಿ ನಡೆದದ್ದೂ ಇದೇ ಕೆಲಸ. ನಿಮ್ಮ ಬಳಿ ಸಾವಿರ ಗೂಡುಗಳಿಲ್ಲದಿದ್ದರೆ ಚಿಂತೆಯಿಲ್ಲ, ನಾಲ್ಕು ಬೆಂಕಿಪೊಟ್ಟಣ ಸಾಕು.